ತಮ್ಮನ ಮಗಳು ನಮ್ಮ ಮನೆಯಲ್ಲಿದ್ದಾಗ

ನಾವು ಹ್ಯೂಸ್ಟನ್ನಿನಿಂದ ಕಾರಲ್ಲಿ ನಾಲ್ಕು ಗಂಟೆ ದೂರದ ಅಲೆನ್‌ನಲ್ಲಿದ್ದೆವು, ನನ್ನ ತಮ್ಮ ಅರ್ಧ ಗಂಟೆ ದೂರದ ಪ್ರಾಸ್ಪರ್‌ನಲ್ಲಿ ಮನೆ ತಗೊಂಡಿದ್ದ. ಅವನಿಗೂ ಹೆಂಡತಿಗೂ ಸರಿಹೋಗುತ್ತಿಲ್ಲ ಅಂತ ನನಗೆ ಗೊತ್ತಿತ್ತು. ಅದು ಪೊಲೀಸರ ತನಕ ಹೋಗುತ್ತೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಕೂಗಾಡುತ್ತಿದ್ದಾಗ ನನ್ನ ತಮ್ಮ ಪಿಂಗಾಣಿ ತಟ್ಟೆಯನ್ನು ಗೋಡೆಗೆ ಎಸೆದ. ಅದರ ಚೂರು ಹಾರಿ ಮಗಳ ಕಾಲಿಗೆ ಚುಚ್ಚಿತು. ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡಿದರು. ಮಕ್ಕಳ ರಕ್ಷಣೆಯ ಸರ್ಕಾರಿ ಇಲಾಖೆಯಿಂದ ಬಂದ ಹೆಂಗಸೊಬ್ಬರು, ವಿಚಾರಣೆ ಮುಗಿಯುವ ತನಕ ಮಗು ಈ ಮನೆಯಲ್ಲಿ ಇರೋದು ಬೇಡ, ಹತ್ತಿರದ ಸಂಬಂಧಿಕರು ಯಾರಿದ್ದಾರೆ ಅಂತ ಕೇಳಿದರು. ತಮ್ಮ ನನ್ನ ನಂಬರ್ ಕೊಟ್ಟ.

ಆಕೆ ನಮ್ಮ ಮನೆಯನ್ನೂ ನೋಡಿದರು. ಮಾತ್ರೆ ಎಲ್ಲಿಡ್ತೀರಿ, ಹಿತ್ತಲ ಗೇಟಿಗೆ ಚಿಲಕ ಇದೆಯಾ, ಮಗು ಎಲ್ಲಿ ಮಲಗುತ್ತೆ ಅಂತೆಲ್ಲ ವಿಚಾರಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಅಪ್ಪ ಅಮ್ಮ ಯಾವಾಗ ಬೇಕಾದರೂ ಬಂದು ನೋಡಬಹುದು. ಆದರೆ ನೀವು ಜೊತೆಗಿರಬೇಕು. ಒಬ್ಬಳನ್ನೇ ಅವರ ಜೊತೆ ಕಳಿಸೋ ಹಾಗಿಲ್ಲ" ಅಂದರು.

ಮಗುವಿಗೆ ಆಗ ಏಳು ವರ್ಷ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಇಂಗ್ಲಿಷಿನಲ್ಲಿ. ಮೊದಲ ದಿನ ಉಪ್ಪಿಟ್ಟು ತಿನ್ನುತ್ತಾ ಮೆಲ್ಲಗೆ ಕೇಳಿದಳು: "ಅತ್ತೆ, ಆಮ್ ಐ ಇನ್ ಟ್ರಬಲ್?"

"ನೀನಲ್ಲ ಪುಟ್ಟಿ. ಸಿಕ್ಕಿಹಾಕಿಕೊಂಡಿರೋದು ದೊಡ್ಡವರು."

ಶನಿವಾರ ತಮ್ಮ ಬಂದ. ಮಗಳಿಗೆ ಶೂ ಹಾಕಿಸಿ, ಐಸ್‌ಕ್ರೀಮ್ ಕೊಡಿಸ್ಕೊಂಡು ಬರ್ತೀನಿ ಅಂತ ಕಾರಿನ ಕೀ ತೆಗೆದುಕೊಂಡ.

"ನಾನೂ ಬರ್ತೀನಿ ತಾಳು."

"ನನ್ನ ಮಗಳನ್ನ ಹೊರಗೆ ಕರ್ಕೊಂಡು ಹೋಗೋಕೆ ನಿನ್ನ ಪರ್ಮಿಷನ್ ಬೇಕೇನೆ?"

"ಬೇಕು ಕಣೋ. ಒಪ್ಕೊಂಡಿದೀನಿ. ನಾಳೆ ಇಲಾಖೆಯವರು ಇವಳನ್ನ ಗುರುತಿಲ್ಲದವರ ಮನೆಗೆ ಕಳಿಸಿದರೆ ಏನು ಮಾಡ್ತೀಯಾ?"

ಮೂವರೂ ಹೋದೆವು. ಐಸ್‌ಕ್ರೀಮ್ ತಿಂದವಳು ಮಗು ಒಬ್ಬಳೇ.

ವಿಚಾರಣೆ ಮುಗಿದು ಇಲಾಖೆಯವರು ಹಿಂದೆ ಸರಿಯುವಷ್ಟರಲ್ಲಿ ಇಬ್ಬರೂ ಡೈವೋರ್ಸಿಗೆ ಹಾಕಿದ್ದರು. ಅವನ ಹೆಂಡತಿಗೆ ಹ್ಯೂಸ್ಟನ್ನಿನಲ್ಲಿ ಕೆಲಸ ಸಿಕ್ಕಿತ್ತು, ಮಗುವನ್ನು ಅಲ್ಲೇ ಪಕ್ಕದ ಕೇಟಿ ಅನ್ನೋ ಊರಿಗೆ ಕರೆದೊಯ್ಯಬೇಕು ಅಂತ ಕೇಳಿದಳು. ಈ ಕೌಂಟಿ, ಅಂದರೆ ಜಿಲ್ಲೆ, ಬಿಟ್ಟು ಮಗು ಎಲ್ಲೂ ಹೋಗಬಾರದು ಅಂತ ತಮ್ಮನ ವಾದ. ತೀರ್ಮಾನ ಆಗುವ ತನಕ ಮಗು ನಮ್ಮಲ್ಲೇ ಇರಲಿ ಅಂತ ಇಬ್ಬರೂ ಒಪ್ಪಿದರು, ನನ್ನನ್ನೇ ಸಾಕ್ಷಿಗೂ ಕರೆದರು. ನಿಜ ಹೇಳಬೇಕೆಂದರೆ ಅವಳು ಎಲ್ಲಿಗೂ ಹೋಗದೆ ನಮ್ಮ ಮನೆಯಲ್ಲೇ ಉಳಿದರೆ ಸಾಕು ಅಂತ ನನಗೆ ಅನ್ನಿಸತೊಡಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

"ನೀನು ನನ್ನ ಅಕ್ಕ, ಅದನ್ನ ಮರೀಬೇಡ" ಅಂದ ತಮ್ಮ, ಕೋರ್ಟಿನ ಮೆಟ್ಟಿಲ ಹತ್ತಿರ.

ನ್ಯಾಯಾಧೀಶರ ಮುಂದೆ ನೋಡಿದ್ದನ್ನೇ ಹೇಳಿದೆ. ತಮ್ಮನಿಗೆ ಮಗಳೆಂದರೆ ಪ್ರಾಣ. ಆದರೆ ವಾರದಲ್ಲಿ ಹೆಚ್ಚು ದಿನ ಕೆಲಸದ ಮೇಲೆ ಬೇರೆ ಊರಲ್ಲಿರುತ್ತಾನೆ. ಅವನು ದನಿ ಏರಿಸಿದರೆ ಮಗು ಕಾಲು ಮೇಲೆಳೆದುಕೊಂಡು ಕೂರುತ್ತೆ. ಅಮ್ಮನ ಫೋನ್ ಬಂದ ದಿನ ಚೆನ್ನಾಗಿ ನಿದ್ದೆ ಮಾಡುತ್ತೆ. ಹೇಳುವಾಗ ತಮ್ಮನ ಕಡೆ ನೋಡಲು ನನ್ನಿಂದ ಆಗಲಿಲ್ಲ.

ಮಗು ಕೇಟಿಗೆ ಹೋಯಿತು. ತಿಂಗಳಿಗೆ ಎರಡು ವಾರಾಂತ್ಯ ಅಪ್ಪನಿಗೆ; ಅರ್ಧ ದಾರಿಯ ಪೆಟ್ರೋಲ್ ಬಂಕಿನಲ್ಲಿ ಮಗುವನ್ನು ಕೊಟ್ಟು ತೆಗೆದುಕೊಳ್ಳಬೇಕು ಅಂತಾಯಿತು. ತಮ್ಮ ನನ್ನ ಜೊತೆ ಮಾತು ಬಿಟ್ಟ. ಯುಗಾದಿಗೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ.

ಚಳಿಗಾಲದ ಒಂದು ಗುರುವಾರ ಅವನ ಮೆಸೇಜ್ ಬಂತು: "ನಾಳೆ ಫ್ಲೈಟ್ ಲೇಟ್. ಪಾಪುನ ಕರ್ಕೊಂಡು ಬರ್ತೀಯಾ?" ಹೂಂ ಅಂತ ಬರೆದೆ.

ಮರುದಿನ ಆ ಬಂಕಿನಲ್ಲಿ ಅವಳಮ್ಮ ನನ್ನ ಕಾರು ಕಂಡು ಬೆರಗಾಗಿ, "ಅಕ್ಕಾ, ನೀವಾ!" ಅಂತ ಬಂದು ಕೈ ಹಿಡಿದುಕೊಂಡಳು. ಮಗು ಉದ್ದವಾಗಿತ್ತು, ಮುಂದಿನ ಹಲ್ಲು ಬಂದಿತ್ತು. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು, ಊರು ಬರುವ ತನಕ ತನ್ನ ಹೊಸ ಶಾಲೆಯ ಸುದ್ದಿ ಹೇಳುತ್ತಲೇ ಇತ್ತು. ಪ್ರಾಸ್ಪರ್ ತಲುಪಿದಾಗ ತಮ್ಮ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ.

"ಒಳಗೆ ಬಾ, ಕಾಫಿ ಮಾಡ್ತೀನಿ" ಅಂದ.