ಕಾಕಾ, ಚೀಲದಲ್ಲಿದ್ದ ಮೊಬೈಲ್ ನನ್ನದು

ಬಸಪ್ಪ ಕಾಕಾ, ಅವತ್ತು ನಿಮ್ಮ ಚೀಲದಲ್ಲಿ ರಿಂಗಾದ ಮೊಬೈಲ್ ನನ್ನದು. ಅದನ್ನು ಅಲ್ಲಿ ಇಟ್ಟವನೂ ನಾನೇ. ಎಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಡೊಂಬಿವಲಿಯ ಆ ಪೇಂಟ್ ಥಿನ್ನರ್ ಕಾರ್ಖಾನೆಗೆ ನನ್ನನ್ನು ಸೇರಿಸಿದ್ದೇ ನೀವು. ಕಳ್ವಾ ಊರಿನ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯವರು, ಅಪ್ಪನ ಊರಿನವರು. ಡ್ರಮ್ಮಿಗೆ ಥಿನ್ನರ್ ತುಂಬುವ ಶೆಡ್ಡಿನೊಳಗೆ ಮೊಬೈಲ್ ತರುವಂತಿರಲಿಲ್ಲ. ಗೇಟಿನಲ್ಲಿ ಕೊಟ್ಟು, ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಒಳಗೆ ಹೋಗಬೇಕು. ನಾವು ಹುಡುಗರು ಏನು ಮಾಡುತ್ತಿದ್ದೆವೆಂದರೆ — ಕೆಟ್ಟುಹೋದ ಹಳೇ ಸೆಟ್ಟನ್ನು ಗೇಟಿನಲ್ಲಿ ಕೊಡುವುದು, ಚಾಲೂ ಇದ್ದದ್ದನ್ನು ಬೂಟಿನೊಳಗೆ ಇಟ್ಟುಕೊಳ್ಳುವುದು. ನನಗೆ ಕ್ರಿಕೆಟ್ ಸ್ಕೋರ್ ಬೇಕಿತ್ತು. ಅಷ್ಟೇ. ದೊಡ್ಡ ಕಾರಣವೇನೂ ಇರಲಿಲ್ಲ.

ನೀವು ಒಮ್ಮೆ ನೋಡಿಬಿಟ್ಟಿರಿ.

"ಏ ತಮ್ಮಾ, ಅದನ್ನ ಹೊರಗ ಇಟ್ಟು ಬಾ. ಇಲ್ಲಿ ಗಾಳಿಗೇ ಬೆಂಕಿ ಹತ್ತತದ."

"ಈ ಸಣ್ಣ ಡಬ್ಬಿಲೆ ಏನ್ ಹತ್ತತದ ಕಾಕಾ? ಹತ್ತಿದ್ರ ನಿಮ್ಮ ಸಿಟ್ಟಿಲೇ ಹತ್ತಬೇಕು."

"ಹತ್ತಿದ್ರ ಬೈಯಾಕ ನಾ ಇರೂದಿಲ್ಲ, ಬೈಸ್ಕೊಳ್ಳಾಕ ನೀ ಇರೂದಿಲ್ಲ," ಎಂದಿರಿ. ಆದರೂ ಮೇಲಿನವರಿಗೆ ಹೇಳಲಿಲ್ಲ.

ಅವತ್ತು ಬೂಟು ಬಿಚ್ಚಿಸಿ ನೋಡುತ್ತಿದ್ದಾರೆ ಎಂದು ಸುದ್ದಿ ಬಂತು. ಬಟ್ಟೆ ಬದಲಿಸುವ ಜಾಗ ಶೆಡ್ಡಿಗೆ ಅಂಟಿಕೊಂಡೇ ಇತ್ತು. ಗೂಟಕ್ಕೆ ನೇತುಹಾಕಿದ್ದ ಚೀಲಗಳಲ್ಲಿ ಕೈಗೆ ಸಿಕ್ಕಿದ್ದರಲ್ಲಿ ತುರುಕಿದೆ — ಅಲ್ಲ, ಸುಳ್ಳು. ನಿಮ್ಮದೆಂದು ಗೊತ್ತಿದ್ದೇ ತುರುಕಿದೆ. ಹಿರಿಯರಾದ ನಿಮ್ಮ ಚೀಲವನ್ನು ಯಾರೂ ತಪಾಸಣೆ ಮಾಡುವುದಿಲ್ಲವೆಂದು.

ಮಧ್ಯಾಹ್ನ ಅದು ರಿಂಗಾಯಿತು. ಪಂಪು ನಿಲ್ಲಿಸಿದರು. ಸೂಪರ್‌ವೈಸರ್ ಚೀಲವನ್ನು ದೂರ ಒಯ್ದು ನೆಲಕ್ಕೆ ಸುರಿದು, ಇದು ಯಾರದೆಂದು ಕೇಳಿದ.

"ಯೇ ಕಿಸ್‌ಕಾ ಹೈ?"

"ಮೇರಾ ನಹೀ ಸಾಬ್. ಮೇರಾ ಗೇಟ್ ಪೇ ಹೈ," ಎಂದು ನೀವು, ನಿಮ್ಮದು ಗೇಟಿನಲ್ಲಿದೆ ಎನ್ನುವುದಕ್ಕೆ ಬಿಲ್ಲೆ ತೋರಿಸಿದಿರಿ.

"ಸಬ್ ಐಸೇ ಹೀ ಕರ್ತೇ ಹೈ. ಏಕ್ ಗೇಟ್ ಪೇ, ಏಕ್ ಅಂದರ್. ತುಮ್ ಭೀ, ಚಾಚಾ?"

ಒಂದು ಗೇಟಿನಲ್ಲಿ, ಒಂದು ಒಳಗೆ — ನಮ್ಮ ಉಪಾಯ ಅವನಿಗೆ ಗೊತ್ತಿತ್ತು. ಅದಕ್ಕೇ ನಿಮ್ಮ ನಿಜವಾದ ಬಿಲ್ಲೆಯೂ ಸುಳ್ಳಾಯಿತು. ನೀವು ನನ್ನ ಕಡೆ ನೋಡಿದಿರಿ. ನಾನು ನೆಲ ನೋಡಿದೆ. "ನನ್ನದು" — ಒಂದು ಮಾತು ಸಾಕಿತ್ತು.

ಸಂಜೆಯೊಳಗೆ ನಿಮ್ಮ ಗೇಟ್‌ಪಾಸ್ ಕಿತ್ತುಕೊಂಡರು. ಹದಿನಾಲ್ಕು ವರ್ಷದ ಕೆಲಸ. ಮೊಬೈಲ್ ಲೋಕಲ್ ಟ್ರೇನ್‌ನಲ್ಲಿ ಬಿದ್ದುಹೋಯಿತೆಂದು ನಾನು ಅವ್ವನಿಗೆ ಹೇಳಿದೆ. ನಿಮ್ಮ ಜಾಗದಲ್ಲಿ ನನ್ನನ್ನೇ ನಿಲ್ಲಿಸಿದರು. ನಿಂತೆ.

ಥಿನ್ನರಿನ ಆವಿ ಅವತ್ತು ಹೊತ್ತಿಕೊಳ್ಳಲಿಲ್ಲ. ಹೊತ್ತಿಕೊಂಡಿದ್ದರೆ, ಶೆಡ್ಡಿನಲ್ಲಿ ಏಳು ಜನ ಇದ್ದೆವು. ನನಗೆ ಅದು ಹೊಳೆಯಲೂ ಇಲ್ಲ. ಸಿಕ್ಕಿಬೀಳಲಿಲ್ಲವಲ್ಲ ಎಂದಷ್ಟೇ —

ಮೊನ್ನೆ ಠಾಣೆ ರೈಲು ಸ್ಟೇಷನ್ನಿನಲ್ಲಿ ನಿಮ್ಮ ಮಗ ಸಿಕ್ಕಿದ್ದ. ನಿಮ್ಮ ಮಾತು ಬಂತು.

"ಪಪ್ಪಾ ಎಲ್ಲಾರಿಗೂ ಲೆಕ್ಚರ್ ಕೊಡ್ತಿದ್ರು. ತಾವೇ ಮೊಬೈಲ್ ಒಳಗ ಒಯ್ದು ನೌಕರಿ ಕಳಕೊಂಡ್ರು ನೋಡು," ಎಂದು ನಕ್ಕ.

ನಾನೂ ನಕ್ಕೆ, ಕಾಕಾ. ಮನೆಯವರೂ ನಿಮ್ಮನ್ನು ನಂಬಿಲ್ಲವೆಂದು ತಿಳಿದ ಮೇಲೂ ನಕ್ಕೆ.

ಭಾನುವಾರ ಬದಲಾಪುರಕ್ಕೆ, ನೀವೀಗ ಇರುವ ಮನೆಗೆ ಬರುತ್ತೇನೆ. ನಿಮ್ಮ ಮಗ ಮನೆಯಲ್ಲಿರುವ ಹೊತ್ತಿಗೇ ಬರುತ್ತೇನೆ, ಅವನ ಮುಂದೆಯೇ ಹೇಳಬೇಕು. ನೀವು ಬಾಗಿಲು ತೆಗೆಯದಿದ್ದರೆ ಹೊರಗೆ ನಿಂತು, ಅಕ್ಕಪಕ್ಕದವರಿಗೂ ಕೇಳುವ ಹಾಗೆ ಹೇಳಿ ಹೋಗುತ್ತೇನೆ.