ಒರಳಿಗೆ ಬಿದ್ದ ಮಾತ್ರೆ

ತಲಾತುವಿಗೆ ನಮ್ಮ ಆಸ್ಪತ್ರೆ ಒಂದು ರಕ್ತಪರೀಕ್ಷೆ ಬಾಕಿ ಕೊಡಬೇಕು. ಇವತ್ತಿಗೂ ಕೊಟ್ಟಿಲ್ಲ. ಇನ್ನು ಕೊಟ್ಟರೂ ತೆಗೆದುಕೊಳ್ಳಲು ಅವಳಿಲ್ಲ.

ಝಾರಿಯಾ ಪಟ್ಟಣದ ಹಳೆಯ ಕೋಟೆಯೊಳಗಿನ ನಮ್ಮ ಕೇರಿಯಲ್ಲಿ ಕಡಲೆಕಾಯಿ ಎಣ್ಣೆ ತೆಗೆದು, ಉಳಿದ ಹಿಂಡಿಯನ್ನು ಉಂಡೆ ಕಟ್ಟಿ ಕರಿದು ಮಾರುತ್ತಿದ್ದವಳು. ಬಾಯಿ ಜೋರು. ಸಂತೆಯ ಅಂಗಡಿಗಳನ್ನು ಕೆಡವಲು ಯಂತ್ರ ಬಂದ ದಿನ ಕಾದ ಎಣ್ಣೆಯ ಬಾಣಲೆ ಹಿಡಿದು ಎದುರು ನಿಂತಳು. "ಬಾರೋ, ನಿನ್ನನ್ನೂ ಕರೀತೀನಿ" ಅಂದಳು. ಡ್ರೈವರ್ ಇಳಿದು ಓಡಿದ.

ನಾಲ್ಕನೆಯ ಹೆರಿಗೆಗೆ ಸೋದರತ್ತೆ ದೇಲು ಬಾಣಂತನಕ್ಕೆ ಬಂದಳು. ಕೇರಿಯ ಅರ್ಧ ಬಾಣಂತಿಯರಿಗೆ ನೀರೆರೆದ ಕೈ ಅದು. ಸೊಪ್ಪಿನ ಕೊಂಬೆ ಅದ್ದಿ ಕುದಿನೀರು ಬಡಿಯುವ ಸ್ನಾನ, ಕೆಳಗೆ ಬೆಂಕಿ ಹಾಕಿದ ಮಣ್ಣಿನ ಮಂಚ, ಸವುಳು ಮಣ್ಣಿನ ಉಪ್ಪು ಕದಡಿದ ಸಜ್ಜೆ ಗಂಜಿ. ತಲಾತುವಿನ ಕಾಲು ಊದಿತು, ಮಲಗಿದರೆ ಉಸಿರು ಕಟ್ಟಿತು. ಗುಂಡಿಗೆ ಸೋತಿದೆ ಎಂದರು ಆಸ್ಪತ್ರೆಯಲ್ಲಿ. ಮೈನೀರು ಇಳಿಸುವ ಮಾತ್ರೆ ಕೊಟ್ಟರು. ಅದು ಉಚ್ಚೆಯ ಜೊತೆ ಪೊಟ್ಯಾಸಿಯಮ್ಮನ್ನೂ ಹೊರಹಾಕುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಇಳಿದರೆ ಗುಂಡಿಗೆ ತಾಳ ತಪ್ಪುತ್ತದೆ. ಅದಕ್ಕೇ ಜೊತೆಗೊಂದು ಪೊಟ್ಯಾಸಿಯಂ ಮಾತ್ರೆ. ಊಟದ ಮೇಲೆ, ತುಂಬಿದ ಲೋಟ ನೀರಿನಲ್ಲಿ ಇಡಿಯಾಗಿ ನುಂಗಬೇಕು, ಎರಡು ವಾರ ಬಿಟ್ಟು ಬಂದು ರಕ್ತ ಕೊಡಬೇಕು ಎಂದರು.

ಇಡಿಯಾಗಿ! ದೇಲು ನಕ್ಕಳು. "ಹಸಿ ಬಾಣಂತಿ ಗಂಟಲಿಗೆ ಕಲ್ಲು ತುರುಕ್ತಾರೇನೇ? ಕುಟ್ಟಿ ಬಿಸಿ ಗಂಜೀಲಿ ಕದಡಿದ್ರೇನೇ ಮೈಗೆ ಹತ್ತೋದು."

ನಮ್ಮಲ್ಲಿ ಬಾಣಂತಿಯ ಬಾಯಿಗೆ ಕುಟ್ಟದೆ ಏನೂ ಹೋಗುವುದಿಲ್ಲ. ನಿಧಾನವಾಗಿ ಕರಗಲೆಂದೇ ಮಾಡಿದ ಮಾತ್ರೆ ಒರಳಿನಲ್ಲಿ ಪುಡಿಯಾಗಿ ಒಂದೇ ಸಲಕ್ಕೆ ಹೊಟ್ಟೆಗಿಳಿಯಿತು.

"ಅತ್ತೆ, ಒಡಲು ಉರೀತದೆ."

"ಉರೀಲಿ. ಉರಿದ್ರೇನೇ ನಂಜು ಹೋಗೋದು."

ರಕ್ತ ಕೊಡಲು ಹೋದರು. ಪರೀಕ್ಷೆಯ ದ್ರಾವಣ ಬಂದಿಲ್ಲ, ಮುಂದಿನ ವಾರ ಬನ್ನಿ ಎಂದರು. ಮುಂದಿನ ವಾರವೂ ಅದೇ ಮಾತು. ಅಷ್ಟರಲ್ಲಿ ಕಾಲಿನ ಬಾವು ಇಳಿದಿತ್ತು. "ಬಾವೇ ಇಲ್ಲ, ಸುಮ್ನೆ ಯಾಕೆ ಉಚ್ಚೆಗೆ ಓಡಾಡ್ತೀಯ?" ಎಂದು ದೇಲು ನೀರಿಳಿಸುವ ಮಾತ್ರೆ ನಿಲ್ಲಿಸಿದಳು. ಪೊಟ್ಯಾಸಿಯಮ್ಮಿನದು ಶಕ್ತಿಯ ಮಾತ್ರೆಯಲ್ಲವೇ, ಅದನ್ನು ನಿಲ್ಲಿಸಲಿಲ್ಲ.

ತಲಾತುವಿನ ಕಾಲು ಸೋಲತೊಡಗಿತು. ಪೊಟ್ಯಾಸಿಯಂ ಇಳಿದರೂ ಕಾಲು ಸೋಲುತ್ತದೆ, ಏರಿದರೂ ಸೋಲುತ್ತದೆ. ಯಾವುದೆಂದು ರಕ್ತವೇ ಹೇಳಬೇಕು. ಶಕ್ತಿ ಸಾಲದೆಂದುಕೊಂಡು ದೇಲು ಎರಡೆರಡು ಕುಟ್ಟಿದಳು. ಔಷಧಿ ಅಂಗಡಿಯವನು ಏನೂ ಕೇಳದೆ ಕೊಡುತ್ತಿದ್ದ.

"ಅತ್ತೆ, ಎದೆಯೊಳಗೆ ನಿಂತು ನಿಂತು ಹೊಡ್ಕೊಳ್ತದೆ."

"ಬಾಯಿ ಮುಚ್ಕೊಂಡು ಗಂಜಿ ಕುಡಿ."

"ಬಾಯಿ ಮುಚ್ಕೊಂಡ್ರೆ ಗಂಜಿ ಮೂಗಲ್ಲಿ ಕುಡೀಲೇನು?"

ಅದೇ ಅವಳ ಕೊನೆಯ ಜಗಳ.

ಕಡುನಾ ನಗರದ ದೊಡ್ಡಾಸ್ಪತ್ರೆಗೆ ಒಯ್ದರು. ಎದೆಗೆ ತಂತಿ ಹಚ್ಚಿ ನೋಡಿದ ನರ್ಸು ಡಾಕ್ಟರನ್ನು ಕರೆಯಲು ಓಡಿದಳು. ಸೋತ ಗುಂಡಿಗೆಯ ಜೊತೆ ಮೂತ್ರಪಿಂಡಗಳೂ ಕೈಚೆಲ್ಲಿದ್ದವು, ಪೊಟ್ಯಾಸಿಯಂ ಹೊರಹೋಗದೆ ಮೈತುಂಬ ಏರಿ ಕುಳಿತಿತ್ತು. ಸಂಜೆಯೊಳಗೆ ಗುಂಡಿಗೆ ನಿಂತಿತು.

ಕೇರಿ ದೇಲುವಿನ ಮುಖಕ್ಕೆ ಉಗಿಯಿತು. ಈಗ ಅವಳನ್ನು ಯಾರೂ ಬಾಣಂತನಕ್ಕೆ ಕರೆಯುವುದಿಲ್ಲ. ಆದರೆ ದ್ರಾವಣ ತರಿಸದೆ ಕುರ್ಚಿ ಬಿಸಿ ಮಾಡಿದವರಿಗೆ ಯಾರೂ ಉಗಿಯಲಿಲ್ಲ. ಈ ಮಾತ್ರೆಯನ್ನು ಯಾಕೆ ಕುಟ್ಟಬಾರದು ಎಂದು ಆ ಮುದುಕಿಯನ್ನು ಕೂರಿಸಿ ಹೇಳಿದವರು ಒಬ್ಬರೂ ಇರಲಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಈ ಮಾತ್ರೆ ನುಂಗುತ್ತಿರಬಹುದು. ಹಾಗಿದ್ದರೆ ಮರುಗುತ್ತಾ ಕೂರಬೇಡಿ. ನುಂಗುವವಳನ್ನೂ ಕುಟ್ಟುವವಳನ್ನೂ ಕರೆದುಕೊಂಡು ನಾಳೆಯೇ ಆಸ್ಪತ್ರೆಗೆ ಹೋಗಿ. ಒಂದು ಮಾತ್ರೆ ನಿಂತರೆ ಇನ್ನೊಂದನ್ನು ಏನು ಮಾಡಬೇಕು, ಕೇಳಿ. ಉತ್ತರ ಸಿಗುವವರೆಗೆ ಆ ಬೆಂಚಿನಿಂದ ಏಳಬೇಡಿ.