ಮಾಲತೇಶನ ಮಹಡಿ ಕೋಣೆ

ಮಲಪನಗುಡಿಯ ಮಾಲತೇಶನ ಮನೆಗೆ ಮಹಡಿಯ ಮೇಲೆ ಒಂದೇ ಕೋಣೆ. ಹೊಸಪೇಟೆಯಲ್ಲಿ ಹಳೇ ಮನೆಯೊಂದನ್ನು ಕೆಡವಿದಾಗ ಅದರ ತೇಗದ ತಲೆಬಾಗಿಲನ್ನು ಕೊಂಡು ತಂದು ಆ ಕೋಣೆಗೆ ಮೇಜು ಮಾಡಿಸಿಕೊಂಡಿದ್ದ. ಮೇಜಿನ ಮೇಲೆ ಅಗಲವಾದ ಮಾನಿಟರು, ಅದರ ಎರಡು ಬದಿಗೂ ಅವನೇ ಕೈಯಾರೆ ಕೂಡಿಸಿದ ಸ್ಪೀಕರುಗಳು. ಸದ್ದಿಗೆ ಮೇಜು ಅದುರಬಾರದೆಂದು ಸ್ಪೀಕರುಗಳ ಕೆಳಗೆ ಕಲ್ಲಿನ ದಪ್ಪ ಬಿಲ್ಲೆಗಳನ್ನು ಕೊಟ್ಟಿದ್ದ. ಹುಡುಕಿದರೂ ಒಂದು ವೈರು ಕಣ್ಣಿಗೆ ಬೀಳುತ್ತಿರಲಿಲ್ಲ.

ಅವನ ನೌಕರಿ ಸಂಡೂರಿನ ಕಡೆ, ಕಬ್ಬಿಣದ ಅದಿರು ಒಡೆಯುವ ಕ್ರಷರಿನ ಪಕ್ಕ. ಡ್ಯೂಟಿ ಮುಗಿಸಿ ಬಂದವನು ಮೈಯ ಕೆಂಪು ಧೂಳೆಲ್ಲ ಹೋಗುವಂತೆ ತಿಕ್ಕಿ ಸ್ನಾನ ಮಾಡದೆ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಮೆತ್ತನೆಯ ಬಟ್ಟೆಯಲ್ಲಿ ಮೇಜು ಒರೆಸಿ, ಕಿಟಕಿಯ ಬೆಳಕು ಸರಿಯಾಗಿ ಬೀಳುವಾಗ ಫೋಟೊ ತೆಗೆದು ಗ್ರೂಪಿಗೆ ಹಾಕುವುದು ಅವನ ದೊಡ್ಡ ಸಂತೋಷ. ಮನೆಯ ಕಂಪ್ಯೂಟರ್ ಮೇಜು, ಸೌಂಡ್ ಸಿಸ್ಟಮ್ಮುಗಳ ಹುಚ್ಚು ಹತ್ತಿದ ಬಳ್ಳಾರಿ, ಕಂಪ್ಲಿ, ಹೊಸಪೇಟೆ ಕಡೆಯವರ ವಾಟ್ಸಾಪ್ ಗ್ರೂಪು ಅದು. ಅಲ್ಲಿ ಅವನ ಮಾತಿಗೆ ಬೆಲೆಯಿತ್ತು. ಯಾರ ಸ್ಪೀಕರು ಕರಕರ ಅಂದರೂ ರೆಕಾರ್ಡ್ ಮಾಡಿ ಅವನಿಗೆ ಕಳಿಸಿ, "ಅಣ್ಣಾ, ಒಂದೀಟು ಕೇಳಿ ಹೇಳ್ರಿ" ಅನ್ನುತ್ತಿದ್ದರು.

ಫೋಟೊ ನೋಡಿ ನೋಡಿ ಗ್ರೂಪಿನವರಿಗೂ ಸಾಕಾಗಿರಬೇಕು. ಈ ಭಾನುವಾರ ನಿಮ್ಮ ಮನೆಗೇ ಬಂದು ಕೇಳುತ್ತೇವೆ ಅಂದರು. ಮಾಲತೇಶ ಹಿಗ್ಗಿ ಹೋದ. ಎರಡು ದಿನ ರಜೆ ಹಾಕಿ ಕೋಣೆಗೆ ಸುಣ್ಣ ಹೊಡೆಸಿದ.

ಶುಕ್ರವಾರ ಮಧ್ಯಾಹ್ನ ಮಗಳು ತುಳಸಿ ಚಹಾ ತಂದಿಟ್ಟವಳು ಹಾಗೇ ನಿಂತಳು. ಪಿಯುಸಿ ಓದುವ ಹುಡುಗಿ, ಮಾತು ಕಡಿಮೆ.

"ಅಪ್ಪಾ, ಎಡಗಡಿ ಸ್ಪೀಕರಿನಾಗ ಅದೇನು ಕುಂಯ್ ಅಂತೈತಿ?"

"ಎಲ್ಲಿ?"

"ಈಗೂ ಬರಾಕತ್ತೈತಲ್ಲ. ಸೊಳ್ಳಿ ಕೂಗಿದಂಗ."

ಮಾಲತೇಶ ಹಾಡು ನಿಲ್ಲಿಸಿದ. ಸ್ಪೀಕರಿಗೆ ಕಿವಿ ಹಚ್ಚಿದ. ಏನೂ ಇಲ್ಲ. "ಚ್ಯಾಷ್ಟಿ ಮಾಡಬ್ಯಾಡ ಲೇ" ಅಂದ. ಅವಳ ಮುಖದಲ್ಲಿ ಚೇಷ್ಟೆ ಇರಲಿಲ್ಲ. ಕೆಳಗಿನಿಂದ ಹೆಂಡತಿ ಲಲಿತಾಳನ್ನು ಕರೆದ. ಅವಳು ಮೆಟ್ಟಿಲ ಮೇಲಿದ್ದಾಗಲೇ, "ಏನದು, ಅಷ್ಟು ಸಣ್ಣಗ ಕೂಗಾಕತ್ತೈತಿ?" ಅಂದಳು.

ಮಾಲತೇಶ ಮತ್ತೆ ಕಂಪ್ಯೂಟರಿನ ಮುಂದೆ ಕೂತ.

ಸ್ಪೀಕರ್ ಪರೀಕ್ಷಿಸಲು ಅವನ ಬಳಿ ಒಂದು ಸದ್ದಿನ ಫೈಲಿತ್ತು. ದಪ್ಪ ದನಿಯಲ್ಲಿ ಶುರುವಾಗಿ ಸೊಳ್ಳೆಯ ಕೂಗಿನಂತೆ ಸಣ್ಣಗೆ, ಚೂಪಾಗುತ್ತ, ಕೊನೆಗೆ ಯಾರಿಗೂ ಕೇಳಿಸದಷ್ಟು ಸಣ್ಣಗಾಗುವ ಸದ್ದು. ಅದನ್ನು ಹಚ್ಚಿ, "ಕೇಳೂತನ ಕೈ ಎತ್ತಿರಿ, ನಿಂತಮ್ಯಾಗ ಇಳಸ್ರಿ" ಅಂದ. ಮೂವರೂ ಕೈ ಎತ್ತಿದರು. ಸ್ವಲ್ಪ ಹೊತ್ತಿಗೆ ಅವನಿಗೆ ಸದ್ದು ನಿಂತುಹೋಯಿತು. ಕೈ ಇಳಿಸಿ ನೋಡಿದರೆ ಹೆಂಡತಿಯ, ಮಗಳ ಕೈಗಳು ಇನ್ನೂ ಮೇಲೇ ಇದ್ದವು. ಲಲಿತಾ ಕೈ ಇಳಿಸುವ ತನಕ ಕಾದ. ಆಮೇಲೂ ತುಳಸಿಯ ಕೈ ಮೇಲೇ ಇತ್ತು. ಅವನು ಫೈಲ್ ಬಂದ್ ಮಾಡಿದ.

"ಒಂದ್ ಮಾತು ಹೇಳ್ಲೇನು?" ಲಲಿತಾ ಮೆಲ್ಲಗೆ ಕೇಳಿದಳು. "ನೀವು ಹಾಡು ಹಚ್ಚಿದ್ರ ಕಿವ್ಯಾಗ ಸೂಜಿ ಚುಚ್ಚಿದಂಗ ಆಕ್ಕೈತಿ. ಅದಕ್ಕ ನಾನು ಕೆಳಗ ಹೋಗಿ ಕುಂದ್ರೋದು."

ಅವಳಿಗೆ ಸಂಗೀತದ ರುಚಿ ಇಲ್ಲವೆಂದೇ ಅವನು ಇಷ್ಟು ವರ್ಷ ತಿಳಿದಿದ್ದ. ಈಗ ಲೆಕ್ಕ ಬೇರೆಯಾಯಿತು. ಸಣ್ಣ ದನಿಗಳು ಮಂಕಾಗಿ ಕೇಳಿಸಿದಾಗಲೆಲ್ಲ ಸ್ಪೀಕರಿನದೇ ತಪ್ಪೆಂದುಕೊಂಡು ಅವನ್ನು ಇಷ್ಟಿಷ್ಟೇ ಏರಿಸುತ್ತ ಬಂದಿದ್ದ. ತಪ್ಪು ಸ್ಪೀಕರಿನಲ್ಲಿರಲಿಲ್ಲ.

ಶನಿವಾರ ಹೊಸಪೇಟೆಯ ಕಿವಿ ಡಾಕ್ಟರರು ಅವನನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂಡಿಸಿ ಪರೀಕ್ಷೆ ಮಾಡಿದರು. ಎಲ್ಲಿ ಕೆಲಸ ಅಂತ ಕೇಳಿದರು. ಕ್ರಷರ್ ಅಂದ ಕೂಡಲೇ ತಲೆಯಾಡಿಸಿ, ಹೋದದ್ದು ತಿರುಗಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಅಂದರು. ಕಿವಿಗೆ ಮುಚ್ಚಳವಿಲ್ಲದೆ ಯಂತ್ರದ ಹತ್ತಿರ ಹೋಗಲೇಬಾರದು ಅಂದರು. ಪ್ಲಾಂಟಿನಲ್ಲಿ ಕೊಟ್ಟಿದ್ದ ಮುಚ್ಚಳವನ್ನು ಬೆವರುತ್ತದೆಂದು ಅವನು ಹೆಲ್ಮೆಟ್ಟಿನ ಮೇಲೇ ಸಿಕ್ಕಿಸಿಕೊಂಡು ಓಡಾಡುತ್ತಿದ್ದ.

ಬಸ್ಸಿನಲ್ಲಿ ಬರುವಾಗ ಅವನಿಗೆ ಅದೇ ಯೋಚನೆ. ಪ್ಲಾಂಟಿನವರಿಗೆ ಗೊತ್ತಾದರೆ ಕೆಲಸದಿಂದ ತೆಗೆಯುತ್ತಾರೋ? ಗ್ರೂಪಿನವರು ನಗುತ್ತಾರೋ? ಬರಬೇಡಿರೆಂದು ಬರೆಯಲು ಫೋನ್ ತೆಗೆದ. ಅಷ್ಟರಲ್ಲಾಗಲೇ ಗ್ರೂಪಿನಲ್ಲಿ ಕಂಪ್ಲಿಯ ಉಚ್ಚೆಂಗೆಪ್ಪ, ನಾಳೆ ಹೊರಡುವ ಹೊತ್ತು ಬರೆದು ಸಂಭ್ರಮದ ಚಿತ್ರ ಹಾಕಿದ್ದ. ಮಾಲತೇಶ ಫೋನನ್ನು ಜೇಬಿಗಿಟ್ಟ.

ಮನೆಗೆ ಬಂದು ಮಗಳನ್ನು ಕೂಡಿಸಿಕೊಂಡ. "ನಿನಗ ಹಿತ ಅನ್ನಿಸೂತನ ಸಣ್ಣ ದನಿ ಇಳಸವ್ವ" ಅಂದ. ಅವಳು ಗುಂಡಿ ತಿರುಗಿಸಿದಂತೆಲ್ಲ ಅವನಿಗೆ ಹಾಡು ಕಂಬಳಿ ಹೊದ್ದಂತೆ ಮಂಕಾಗುತ್ತ ಹೋಯಿತು. ಲಲಿತಾ ಮೇಲೆ ಬಂದು ಹಾಡು ಪೂರ್ತಿ ಕೇಳಿದಳು. ಎಡಗಡೆಯ ಕುಂಯ್ ಸದ್ದು ಸಡಿಲಾದ ಒಂದು ವೈರಿನದೆಂದು ಹುಡುಕಿದವಳೂ ತುಳಸಿಯೇ. ಯಾರಿಗೂ ಹೇಳಬೇಡವೆಂದು ಅವನು ಮಗಳ ಕೈ ಹಿಡಿದು ಕೇಳಿಕೊಂಡ. ಅವಳು ಕೈ ಬಿಡಿಸಿಕೊಂಡು ವೈರು ಬಿಗಿ ಮಾಡಿದಳು.

ಭಾನುವಾರ ಐದಾರು ಜನ ಬಂದರು. ಮೇಜು ಸವರಿ ನೋಡಿದರು, ಬಗ್ಗಿ ವೈರು ಹುಡುಕಿದರು, ಫೋಟೊ ತೆಗೆದುಕೊಂಡರು. ಹಾಡು ಹಚ್ಚಿದಾಗ ಬುಕ್ಕಸಾಗರದ ಹಂಪಯ್ಯ ಕಣ್ಣು ಮುಚ್ಚಿ, "ಭಾಳ ಮಸ್ತ್ ಐತ್ರಿ" ಅಂದ. ಮಾಲತೇಶನಿಗೆ ತುಟಿಯ ಅಲುಗಾಟವಷ್ಟೇ ಕಂಡಿತು. ಅಂದಾಜಿನ ಮೇಲೆ ನಕ್ಕ. ಯಾರೋ ಏನೋ ಕೇಳಿದರು, ತಲೆಯಾಡಿಸಿದ.

ಆಗ ಉಚ್ಚೆಂಗೆಪ್ಪ ಒಂದು ಪೆನ್‌ಡ್ರೈವ್ ಮುಂದೆ ಹಿಡಿದ. "ಅಣ್ಣಾ, ನನ್ನ ಆಂಪ್ಲಿಫೈಯರಿನಾಗ ಹಿಸ್ ಅಂತ ಒಂದು ಸಣ್ಣ ಸದ್ದು ಬರಾಕತ್ತೈತಿ. ಎಲ್ಲಾ ಬಿಚ್ಚಿ ನೋಡೀನಿ, ಸಿಗವಲ್ದು. ನೀವೇ ಹೇಳಬೇಕು."

ಸದ್ದು ಹಚ್ಚಿದರು. ಎಲ್ಲರೂ ಅವನ ಮುಖ ನೋಡಿದರು. ಮಾಲತೇಶನ ಕಿವಿಗೆ ಏನೂ ಬೀಳಲಿಲ್ಲ. ಟ್ರಾನ್ಸ್‌ಫಾರ್ಮರಿನ ತೊಂದರೆ ಅಂದುಬಿಡಬಹುದಿತ್ತು, ಅವರು ನಂಬುತ್ತಿದ್ದರು. ಬಾಗಿಲ ಹತ್ತಿರ ತುಳಸಿ ತಟ್ಟೆ ಹಿಡಿದು ನಿಂತಿದ್ದಳು. ಅವಳಿಗೆ ಅದು ಕೇಳಿಸುತ್ತಿತ್ತು. ಅವಳೆದುರಿಗೆ ಸುಳ್ಳು ಬಾಯಿಗೆ ಬರಲಿಲ್ಲ.

"ನನಗ ಕೇಳವಲ್ದೋ ಉಚ್ಚೆಂಗೆಪ್ಪ" ಅಂದ. "ಅದಷ್ಟ ಅಲ್ಲ, ಸಣ್ಣ ಸದ್ದು ಯಾವುದೂ ಕೇಳಂಗಿಲ್ಲ. ಕ್ರಷರಿನಾಗ ಕಿವಿ ಹೋಗೈತಿ. ನಿನ್ನೆ ಡಾಕ್ಟರು ಹೇಳಿದ್ರು. ಇವತ್ತು ನೀವು ಕೇಳಿದ್ದು ನನ್ನ ಮಗಳು ಹೊಂದಿಸಿದ್ದು."

ಹಂಪಯ್ಯ ತಮಾಷೆಯೆಂದು ನಕ್ಕು, ಅರ್ಧಕ್ಕೆ ನಿಲ್ಲಿಸಿದ. ಉಚ್ಚೆಂಗೆಪ್ಪ ಪೆನ್‌ಡ್ರೈವನ್ನು ತುಳಸಿಯ ಕೈಗೆ ಕೊಟ್ಟು, "ನೀನರ ಕೇಳವ್ವ" ಅಂದ. ಅದನ್ನು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೂ ಮಾಲತೇಶನಿಗೆ ಎಲ್ಲೋ ನಾಟಿತು.

ಎಲ್ಲರೂ ಬೈಕು ಹತ್ತುವಾಗ ಕನಕರಾಜ್ ಎಂಬುವನು ಹಿಂದುಳಿದ. ಅವನದೂ ಸಂಡೂರಿನ ಕಡೆಯೇ ಕೆಲಸ, ಬಂಡೆಗೆ ತೂತು ಕೊರೆಯುವ ಯಂತ್ರದ ಮೇಲೆ. ಬಂದಾಗಿನಿಂದ ಅವನು ಮಾತೇ ಆಡಿರಲಿಲ್ಲ.

"ಆ ಡಾಕ್ಟರು ಎಲ್ಲಿ ಕುಂದಿರ್ತಾರ?" ಅಂದ. ಮಾಲತೇಶ ಹೇಳಿದ. ಕನಕರಾಜ್ ಇನ್ನೂ ಹತ್ತಿರ ಬಂದು, "ಇನ್ನೊಮ್ಮೆ ಹೇಳ್ರಿ, ಕೇಳಸ್ಲಿಲ್ಲ" ಅಂದ.

ಪ್ಲಾಂಟಿನಲ್ಲಿ ಹೇಳಿಕೊಳ್ಳಲು ಮಾಲತೇಶನಿಗೆ ಬಹಳ ದಿನ ಬೇಕಾಯಿತು. ಕೆಲಸ ಹೋಗಲಿಲ್ಲ. ಯಂತ್ರದಿಂದ ದೂರ, ಲಾರಿಗಳು ಬರುವ ಗೇಟಿಗೆ ಹಾಕಿದರು. ಅಲ್ಲಿ ಬಿಸಿಲು ಜಾಸ್ತಿ, ಮಾತಾಡುವವರು ಕಡಿಮೆ. ಗ್ರೂಪಿಗೆ ಈಗಲೂ ಫೋಟೊ ಹಾಕುತ್ತಾನೆ, ಸದ್ದು ಕಳಿಸಿದವರಿಗೆ ಮಾತ್ರ ಉತ್ತರ ಬರೆಯುವುದಿಲ್ಲ.

ವರ್ಷಕ್ಕೊಮ್ಮೆ ಅವನೂ ಕನಕರಾಜನೂ ಜೊತೆಯಾಗಿ ಪರೀಕ್ಷೆಗೆ ಹೋಗುತ್ತಾರೆ. ಒಬ್ಬನು ಗಾಜಿನ ಕೋಣೆಯಲ್ಲಿರುವಾಗ ಇನ್ನೊಬ್ಬನು ಹೊರಗಿನ ಬೆಂಚಿನ ಮೇಲೆ ಕೂತು ನೆಲ ನೋಡುತ್ತಿರುತ್ತಾನೆ. ಕೇಳುವ ಶಕ್ತಿ ಹೋದ ಸಲಕ್ಕಿಂತ ಇಳಿದಿಲ್ಲ ಎಂದು ಡಾಕ್ಟರರು ಈ ಸಲ ಇಬ್ಬರಿಗೂ ಹೇಳಿದರು. ಮಾಲತೇಶ ನಂಬಲಾರದೆ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಆಮೇಲೆ ಇಬ್ಬರೂ ಬಸ್ ಸ್ಟ್ಯಾಂಡಿನ ಎದುರಿಗೆ ಮಿರ್ಚಿ ಬಜ್ಜಿ ತಿಂದು, ಗದ್ದಲದಲ್ಲಿ ಒಬ್ಬರಿಗೊಬ್ಬರು ಕೂಗಿ ಮಾತಾಡುತ್ತ ನಿಂತಿದ್ದರು.